ಕಾಣದ ದೀಪವನ್ನು ನಂಬುವ ಹಕ್ಕು

ಅಮೆರಿಕದ ಉತ್ತರದ ರಾಜ್ಯಗಳಲ್ಲಿ, ಮಿಷಿಗನ್, ಒಹಾಯೊ, ಮಿನ್ನೆಸೋಟ ಕಡೆಗಳಲ್ಲಿ, ಚಳಿಗಾಲ ಬಂತೆಂದರೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಚಕ್ರಕ್ಕೆ ಸಿಕ್ಕಿ ವಾಹನದ ಅಡಿಗೆಲ್ಲ ಎರಚುತ್ತದೆ. ಪಿಕಪ್ ಟ್ರಕ್ಕುಗಳ ಹಿಂದಿನ ಬಂಪರಿನ ಕೆಳಗೆ ಟ್ರೇಲರಿಗೆ ವಿದ್ಯುತ್ ಕೊಡುವ ಸಾಕೆಟ್ಟೊಂದು ಇರುತ್ತದೆ. ಉಪ್ಪು, ಕೆಸರು, ನೀರು ಮೂರೂ ಅದರೊಳಗೆ ಸೇರಿಕೊಳ್ಳುತ್ತವೆ. ದೋಣಿ ಸಾಗಿಸುವವರು ಟ್ರೇಲರನ್ನು ಕೆರೆಯ ನೀರಿನೊಳಕ್ಕೇ ಹಿಮ್ಮುಖವಾಗಿ ಇಳಿಸುವುದರಿಂದ ಅವರ ವೈರಿಂಗಿಗೆ ಆಯುಸ್ಸು ಇನ್ನೂ ಕಡಿಮೆ. ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ತಾಮ್ರದ ಎಳೆಗಳು ಹೊದಿಕೆಯೊಳಗೇ ಕಪ್ಪಾಗಿ ಪುಡಿಯಾಗುತ್ತವೆ. ಆಗ ಹಳೆಯದನ್ನು ಕಿತ್ತು ಹೊಸ ಸಾಕೆಟ್ಟು ಹಾಕುತ್ತಾರೆ. ಹಾಕುವಾಗ ಅನೇಕರು ಜಾಗವನ್ನೂ ಬದಲಿಸುತ್ತಾರೆ: ನೇತಾಡುತ್ತಿದ್ದದ್ದನ್ನು ಬಂಪರಿನ ಮೈಯೊಳಕ್ಕೆ ಸೇರಿಸುತ್ತಾರೆ, ಭಾರಿ ಟ್ರೇಲರಿಗೆ ಟ್ರಕ್ಕಿನ ತೊಟ್ಟಿಯ ನಡುವೆಯೇ ಕೊಂಡಿ ಹಾಕಿ ಎಳೆಯುವವರಾದರೆ ತೊಟ್ಟಿಯ ಒಳಗೋಡೆಗೆ ಕೂರಿಸುತ್ತಾರೆ. ವೈರುಗಳನ್ನು ಕತ್ತರಿಸಿ, ಉದ್ದ ಮಾಡಿ, ಜೋಡಿಸಿ, ಮುಚ್ಚಿ, ಕೊನೆಗೆ ‘ಸರಿಯಾಯಿತು’ ಎನ್ನುತ್ತಾರೆ. ನನ್ನ ಪ್ರಶ್ನೆ ಆ ಒಂದು ಮಾತಿನ ಬಗ್ಗೆ. ಟ್ರಕ್ಕು ಓಡಿಸುವವನು ಮುಂದೆ ಕೂತಿರುತ್ತಾನೆ; ದೀಪ ಹಿಂದೆ, ಟ್ರೇಲರಿನ ಬೆನ್ನಿಗೆ ಇರುತ್ತದೆ. ಓಡಿಸುವಷ್ಟು ಹೊತ್ತೂ ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಅವನಿಗೆ ಅದು ಬೇಕಾಗಿಯೂ ಇಲ್ಲ, ಬೇಕಾಗಿರುವುದು ಹಿಂದೆ ಬರುವ ಅಪರಿಚಿತನಿಗೆ. ತನಗೆ ಕಾಣದ, ತಪ್ಪಾದರೆ ಇನ್ನೊಬ್ಬನ ಪ್ರಾಣಕ್ಕೇ ಕುತ್ತು ತರುವ ಸಂಗತಿಯೊಂದನ್ನು ‘ಸರಿಯಾಗಿದೆ’ ಎಂದು ನಂಬುವ ಹಕ್ಕು ಮನುಷ್ಯನಿಗೆ ಯಾವಾಗ ಬರುತ್ತದೆ? ನಂಬಿಕೆಗೆ ಹಕ್ಕು ಬೇರೆ ಬೇಕೇ ಎಂದು ಕೇಳುವವರಿಗೂ ಉತ್ತರ ಕೊಡಬೇಕಾದ ಪ್ರಶ್ನೆ ಇದು.

ಈ ಪ್ರಶ್ನೆಯನ್ನು ಆಧುನಿಕ ಕಾಲದಲ್ಲಿ ಎಲ್ಲರಿಗಿಂತ ಕಟುವಾಗಿ ಎತ್ತಿದವನು ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕಿಂಗ್ಡನ್ ಕ್ಲಿಫರ್ಡ್. 1877ರಲ್ಲಿ ಅಚ್ಚಾದ ‘ನಂಬಿಕೆಯ ನೀತಿ’ ಎಂಬ ಅವನ ಪ್ರಬಂಧ ಒಬ್ಬ ಹಡಗಿನ ಒಡೆಯನ ಕಥೆಯಿಂದ ಆರಂಭವಾಗುತ್ತದೆ. ಹಡಗು ಹಳೆಯದು, ರಿಪೇರಿ ಕಂಡದ್ದು. ವಲಸೆ ಹೊರಟ ಕುಟುಂಬಗಳನ್ನು ಹೊತ್ತು ಹೋಗಬೇಕಾದದ್ದು. ಒಡೆಯನ ಮನಸ್ಸಿನಲ್ಲಿ ಅನುಮಾನ ಹುಟ್ಟುತ್ತದೆ. ತಪಾಸಣೆಗೆ ಖರ್ಚಾಗುತ್ತದೆ. ಇಷ್ಟು ಯಾನ ಮಾಡಿ ಬಂದ ಹಡಗು ಇದೊಂದು ಯಾನವನ್ನೂ ಮಾಡೀತು, ದೇವರು ಇದ್ದಾನೆ ಎಂದು ಅವನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಾನೆ. ಕ್ರಮೇಣ ಪ್ರಾಮಾಣಿಕವಾಗಿಯೇ ನಂಬಿಬಿಡುತ್ತಾನೆ. ಹಡಗು ನಡುಗಡಲಲ್ಲಿ ಮುಳುಗುತ್ತದೆ. ಅವನು ಪ್ರಾಮಾಣಿಕವಾಗಿ ನಂಬಿದ್ದ ಎಂಬುದು ಅವನನ್ನು ಉಳಿಸುವುದಿಲ್ಲ, ಏಕೆಂದರೆ ಕೈಯಲ್ಲಿದ್ದ ಸಾಕ್ಷ್ಯದ ಮೇಲೆ ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ ಎಂಬುದು ಕ್ಲಿಫರ್ಡನ ತೀರ್ಪು. ಅದರ ಮುಂದಿನ ಮಾತು ಇನ್ನೂ ಗಟ್ಟಿಯಾದದ್ದು: ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ, ತಪ್ಪು ಬಯಲಾಗುತ್ತಿರಲಿಲ್ಲ, ಅಷ್ಟೇ. ಕ್ಲಿಫರ್ಡ್ ಇದನ್ನು ಕುರ್ಚಿಯಲ್ಲಿ ಕೂತು ಕಲ್ಪಿಸಿದವನೂ ಅಲ್ಲ. 1870ರ ಸೂರ್ಯಗ್ರಹಣ ನೋಡಲು ಹೋದ ತಂಡದಲ್ಲಿದ್ದ ಅವನು ಸಿಸಿಲಿಯ ಕರಾವಳಿಯಲ್ಲಿ ಹಡಗು ಒಡೆದು ಬದುಕುಳಿದವನು. ಟ್ರೇಲರಿನ ದೀಪದ ವಿಷಯದಲ್ಲಿ ಕ್ಲಿಫರ್ಡನ ತೀರ್ಪು ಸರಿ ಎಂದೇ ನನ್ನ ವಾದ. ಆದರೆ ಅವನು ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟ. ಸಾಕಷ್ಟು ಸಾಕ್ಷ್ಯ ಬೇಕು ಎಂದ; ಯಾವ ಬಗೆಯ ಸಾಕ್ಷ್ಯ ಸಾಕು ಎಂಬುದನ್ನು ಪೂರ್ತಿಯಾಗಿ ಬಿಡಿಸಿ ಹೇಳಲಿಲ್ಲ. ಅದನ್ನು ಬಿಡಿಸಲು, ಯಾವುದು ಪ್ರಮಾಣ, ಅಂದರೆ ಸಾಚಾ ಜ್ಞಾನದ ಸಾಧನ, ಎಂದು ವಿಚಾರಿಸಿದ ನಮ್ಮ ಪ್ರಮಾಣಶಾಸ್ತ್ರದವರು ನೂರಾರು ವರ್ಷ ಜಗಳವಾಡಿದ್ದಾರೆ, ಮತ್ತು ಆ ಜಗಳ ಈ ಸಾಕೆಟ್ಟಿನೊಳಗೆ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಸಾಕ್ಷ್ಯ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ನೋಡೋಣ. ಸಾಕೆಟ್ಟು ಬದಲಿಸಿದವರು ಸಾಮಾನ್ಯವಾಗಿ ಮಲ್ಟಿಮೀಟರ್ ಹಿಡಿದು ಪರೀಕ್ಷಿಸುತ್ತಾರೆ. ಯಾರಾದರೂ ಬ್ರೇಕ್ ಒತ್ತಿದಾಗ ಮೀಟರು 12 ವೋಲ್ಟ್ ತೋರಿಸಿದರೆ ಕೆಲಸ ಮುಗಿಯಿತು ಎಂದು ಉಪಕರಣ ಎತ್ತಿಡುತ್ತಾರೆ. ದಾರಿಯಲ್ಲಿ ಒಂದು ಕಡೆ ಕಿಲುಬು ಹಿಡಿದ ಜಾಯಿಂಟು ಉಳಿದಿದೆ, ಅದರ ತಡೆ 100 ಓಮ್ ಇದೆ ಎಂದಿಟ್ಟುಕೊಳ್ಳಿ. ಡಿಜಿಟಲ್ ಮೀಟರಿನ ಒಳತಡೆ ಸುಮಾರು 1 ಕೋಟಿ ಓಮ್. ಅದರ ಎದುರು 100 ಓಮ್ ಯಾವ ಲೆಕ್ಕಕ್ಕೂ ಇಲ್ಲ. ಮೀಟರು ಕಳೆದುಕೊಳ್ಳುವುದು ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ, ಹಾಗಾಗಿ ಪರದೆಯ ಮೇಲೆ 12 ಎಂದೇ ಬರುತ್ತದೆ. ಅದೇ ಜಾಯಿಂಟಿಗೆ ಬ್ರೇಕ್ ಲೈಟಿನ ಬಲ್ಬು ಹಾಕಿ. ಉರಿಯುವಾಗ ಅದರ ತಂತಿಯ ತಡೆ ಸುಮಾರು 6 ಓಮ್. 12 ವೋಲ್ಟಿನಲ್ಲಿ ಬಹುಪಾಲನ್ನು ಕಿಲುಬೇ ನುಂಗಿಬಿಡುತ್ತದೆ, ಬಲ್ಬಿಗೆ ಒಂದು ವೋಲ್ಟೂ ದಕ್ಕುವುದಿಲ್ಲ. ತಂತಿ ಕೆಂಪಗೂ ಆಗುವುದಿಲ್ಲ. ಮೀಟರು ಸುಳ್ಳು ಹೇಳಲಿಲ್ಲ. ಏನನ್ನೂ ಬೇಡದವನಿಗೆ ಇಲ್ಲಿ 12 ವೋಲ್ಟ್ ಇದೆ ಎಂದಷ್ಟೇ ಹೇಳಿತು. ಕೇಳಬೇಕಾಗಿದ್ದ ಪ್ರಶ್ನೆ, ಕೆಲಸ ಬೇಡುವವನಿಗೆ ಇಲ್ಲಿ ಎಷ್ಟಿದೆ ಎಂಬುದು. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಒಂದು ವಸ್ತು ನಿಜ ಎನ್ನಲು ಅರ್ಥಕ್ರಿಯಾಸಾಮರ್ಥ್ಯವನ್ನು ಲಕ್ಷಣವಾಗಿ ಇಟ್ಟ: ಮಾಡಬೇಕಾದ ಕೆಲಸವನ್ನು ಮಾಡಬಲ್ಲದ್ದೇ ಸತ್. ಅವನಿಗಿಂತ ಹಿಂದೆಯೇ ನ್ಯಾಯಭಾಷ್ಯದ ವಾತ್ಸ್ಯಾಯನ, ಜ್ಞಾನದ ಆಧಾರದ ಮೇಲೆ ಕೈಗೊಂಡ ಪ್ರವೃತ್ತಿ ಫಲಿಸುವುದನ್ನು ಆ ಜ್ಞಾನ ಸಾಚಾ ಎನ್ನುವುದಕ್ಕೆ ಗುರುತಾಗಿ ಹಿಡಿದಿದ್ದ. ಬಾಯಾರಿದವನು ನೀರೆಂದು ನಂಬಿ ಹೋಗಿ ಕುಡಿದು ದಾಹ ತೀರಿದರೆ, ಕಂಡದ್ದು ನೀರೇ. ವಾಹನದ ವೈರಿಂಗ್ ಬಲ್ಲವರು ‘ಲೋಡ್ ಹಾಕಿ ನೋಡು’ ಎನ್ನುವಾಗ ಅದನ್ನೇ ಹೇಳುತ್ತಿದ್ದಾರೆ. ಲೋಡೂ ಆಯಾ ವೈರು ಹೊರಬೇಕಾದಷ್ಟೇ ಇರಬೇಕು. ಎಲ್‌ಇಡಿ ದೀಪಕ್ಕೆ ಬೇಕಾಗುವ ವಿದ್ಯುತ್ತು ಬಹಳ ಕಡಿಮೆ, ಅದು ಕೆಟ್ಟ ಜಾಯಿಂಟಿನ ಮೂಲಕವೂ ಹತ್ತೀತು. ಏಳು ತುದಿಯ ಸಾಕೆಟ್ಟಿನ ನೀಲಿ ವೈರು ಟ್ರೇಲರಿನ ವಿದ್ಯುತ್ ಬ್ರೇಕಿಗೆ ಹೋಗುವಂಥದು. ಅಲ್ಲಿ ಚಕ್ರಕ್ಕೊಂದು ಅಯಸ್ಕಾಂತ, ಒಂದೊಂದೂ ಸುಮಾರು 3 ಆಂಪಿಯರ್ ಎಳೆಯುತ್ತದೆ. ಆ ವೈರಿಗೆ ಚಿಕ್ಕ ದೀಪವೊಂದನ್ನು ಹಿಡಿದು, ಅದು ಹತ್ತಿತೆಂದು ಬ್ರೇಕನ್ನು ನಂಬುವುದು ಪ್ರಮಾಣವಲ್ಲದ್ದನ್ನು ಪ್ರಮಾಣ ಎಂದುಕೊಂಡಂತೆ.

ಇದಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ. ಅಮೆರಿಕದ ಟ್ರೇಲರ್ ವೈರಿಂಗಿನಲ್ಲಿ ಕಂದು ಬಣ್ಣದ್ದು ಹಿಂದಿನ ದೀಪಕ್ಕೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಬಿಳಿಯದು ಅರ್ಥ್, ಹೋದ ವಿದ್ಯುತ್ತೆಲ್ಲ ಹಿಂದಿರುಗುವ ದಾರಿ. ರಿಪೇರಿ ಮಾಡುವವರು ಬಣ್ಣದ ವೈರುಗಳನ್ನು ಜೋಪಾನವಾಗಿ ಜೋಡಿಸಿ ಬಿಳಿಯದನ್ನು ಅಲಕ್ಷಿಸುವುದು ಹೆಚ್ಚು. ಬಣ್ಣ ಬಳಿದ ಚಾಸಿಯ ಮೇಲೆಯೇ ಸ್ಕ್ರೂ ತಿರುಗಿಸಿ ಬಿಡುತ್ತಾರೆ. ಅರ್ಥ್ ಕಡಿದುಹೋದರೆ ಏನಾಗಬೇಕು? ದೀಪ ಹತ್ತಬಾರದು. ಆದರೆ ಟ್ರೇಲರು ಟ್ರಕ್ಕಿನ ಉಕ್ಕಿನ ಗುಂಡಿನ ಮೇಲೆ ಕೂತಿರುತ್ತದೆ. ವಿದ್ಯುತ್ತು ಆ ಗುಂಡಿನ ಮೂಲಕ, ಗ್ರೀಸು ತುಕ್ಕುಗಳ ನಡುವೆ ಲೋಹಕ್ಕೆ ಲೋಹ ತಾಗಿದಲ್ಲಿ ನುಸುಳಿ ಹಿಂದಿರುಗುತ್ತದೆ. ದೀಪ ಹತ್ತುತ್ತದೆ! ಅಂಗಳದಲ್ಲಿ ನಿಂತು ನೋಡಿದವನಿಗೆ ಎಲ್ಲವೂ ಸರಿ. ಹೆದ್ದಾರಿಯ ಮೊದಲ ಕುಲುಕಿಗೆ ಗುಂಡು ಕೂತ ಜಾಗದಿಂದ ಒಂದು ಕೂದಲೆಳೆಯಷ್ಟು ಸರಿದರೆ ದೀಪ ಆರುತ್ತದೆ; ಇಲ್ಲವೇ ಎಡದ ಇಂಡಿಕೇಟರಿನ ವಿದ್ಯುತ್ತು ಬಲದ ದೀಪದ ಮೂಲಕ ದಾರಿ ಹುಡುಕಿಕೊಂಡು, ಕೇಳದ ಕಡೆ ಮಂಕಾಗಿ ಉರಿಯುತ್ತದೆ. ಪರೀಕ್ಷಿಸಿದಾಗ ಅವನು ನಂಬಿದ್ದು ಸುಳ್ಳಾಗಿರಲಿಲ್ಲ, ದೀಪ ನಿಜವಾಗಿಯೂ ಉರಿಯುತ್ತಿತ್ತು. ನಂಬಿದ್ದಕ್ಕೆ ಕಾರಣವೂ ಇತ್ತು, ಕಣ್ಣಾರೆ ಕಂಡಿದ್ದ. ಆದರೂ ಅವನಿಗೆ ಜ್ಞಾನವಿತ್ತು ಎನ್ನಲು ಮನಸ್ಸು ಒಪ್ಪುವುದಿಲ್ಲ. 1963ರಲ್ಲಿ ಎಡ್ಮಂಡ್ ಗೆಟಿಯರ್ ಎಂಬ ಅಮೆರಿಕನ್ ತತ್ವಜ್ಞಾನಿ ಮೂರೇ ಪುಟಗಳ ಲೇಖನದಲ್ಲಿ ಈ ಬಿರುಕನ್ನು ತೋರಿಸಿ ಪಾಶ್ಚಾತ್ಯ ಜ್ಞಾನಮೀಮಾಂಸೆಯನ್ನು ಕಲಕಿಬಿಟ್ಟ: ನಂಬಿಕೆ ನಿಜವಾಗಿದ್ದು, ಅದಕ್ಕೆ ಸಮರ್ಥನೆಯೂ ಇದ್ದು, ಅದು ಜ್ಞಾನವಾಗದೆ ಉಳಿಯಬಹುದು. ಎಂಟನೆಯ ಶತಮಾನದಲ್ಲೇ ಧರ್ಮಕೀರ್ತಿಯ ವ್ಯಾಖ್ಯಾನಕಾರ ಧರ್ಮೋತ್ತರ ಇಂಥದ್ದೇ ಉದಾಹರಣೆ ಕೊಟ್ಟಿದ್ದ. ಮಾಂಸ ಸುಡಲು ಆಗತಾನೇ ಹೊತ್ತಿಸಿದ ಬೆಂಕಿಗೆ ಇನ್ನೂ ಹೊಗೆ ಎದ್ದಿಲ್ಲ. ಮೇಲೆ ಮುತ್ತಿದ ಹುಳುಗಳ ಗುಂಪನ್ನು ದೂರದಿಂದ ನೋಡಿದವನು ಹೊಗೆ ಎಂದು ತಿಳಿದು ‘ಅಲ್ಲಿ ಬೆಂಕಿಯಿದೆ’ ಎನ್ನುತ್ತಾನೆ. ಬೆಂಕಿ ಇದೆ, ತಿಳಿವು ಮಾತ್ರ ಹುಳುವಿನ ಮೇಲೆ ನಿಂತಿದೆ. ಗುಂಡಿನ ಮೂಲಕ ಹತ್ತಿದ ದೀಪವೂ ಹಾಗೆಯೇ. ಹಾಗಾದರೆ ಫಲ ಕಂಡರೆ ಸಾಲದು, ಫಲ ಬಂದ ದಾರಿಯೂ ನಾವಂದುಕೊಂಡ ದಾರಿಯೇ ಎಂಬುದು ಗೊತ್ತಾಗಬೇಕು. ವಾತ್ಸ್ಯಾಯನನ ಮಾತಿಗೆ ಈ ತಿದ್ದುಪಡಿ ಅಗತ್ಯ. ಗೊತ್ತು ಮಾಡಿಕೊಳ್ಳುವ ವಿಧಾನವೇನೂ ಕಷ್ಟದ್ದಲ್ಲ: ಟ್ರೇಲರನ್ನು ಗುಂಡಿನಿಂದ ಎತ್ತಿ, ಸರಪಳಿ ಕಳಚಿ, ವೈರಿನ ಪ್ಲಗ್ಗೊಂದನ್ನೇ ಚುಚ್ಚಿ ದೀಪ ಹಾಕಿ ನೋಡಬೇಕು. ಕಳ್ಳದಾರಿ ಮುಚ್ಚಿದ ಮೇಲೂ ಹತ್ತಿದರೆ ಬಿಳಿಯ ವೈರು ಸಾಚಾ.

ಇನ್ನು ಜಾಗ ಬದಲಿಸಿದ ಪ್ರಶ್ನೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಳೆಯ ಸಾಕೆಟ್ಟು ಬಂಪರಿನ ಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿರುತ್ತದೆ. ಹೊಸ ಜಾಗಕ್ಕೆ ಸರಿಸಿದವನು ಆ ವರ್ಷಗಳ ಭರವಸೆಯನ್ನೂ ಜೊತೆಗೆ ಸರಿಸಿಕೊಂಡು ಬರುತ್ತಾನೆ: ಇದೇ ಟ್ರಕ್ಕು, ಇದೇ ಟ್ರೇಲರು, ಎಂದೂ ಕೈಕೊಟ್ಟಿಲ್ಲ. ಕ್ಲಿಫರ್ಡನ ಹಡಗಿನ ಒಡೆಯನೂ ಇದೇ ಲೆಕ್ಕ ಹಾಕಿದ್ದ. ವಾತ್ಸ್ಯಾಯನನ ಪರಂಪರೆಯ ನೈಯಾಯಿಕರು ಇಂಥ ಲೆಕ್ಕಕ್ಕೆ ಉಪಾಧಿ ಎಂಬ ದೋಷವನ್ನು ತೋರಿಸುತ್ತಾರೆ. ಹೊಗೆಯಿದ್ದಲ್ಲಿ ಬೆಂಕಿ ಎನ್ನಬಹುದು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಎನ್ನಲಾಗದು. ಹೊಗೆ ಬರುವುದು ಸೌದೆ ಹಸಿಯಿದ್ದಾಗ, ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿ ಸೌದೆ ಎಂಬ ಷರತ್ತು ತಾನೇ ತಾನಾಗಿ ಎಲ್ಲ ಕಡೆ ಇದ್ದದ್ದರಿಂದ ಯಾರೂ ಅದನ್ನು ಗಮನಿಸಲಿಲ್ಲ, ಅದಿಲ್ಲದ ಜಾಗಕ್ಕೆ ಹೋದಾಗ ನಿಯಮ ಮುರಿಯಿತು. ಸಾಕೆಟ್ಟಿನ ವರ್ಷಗಳ ಅನುಭವಕ್ಕೆ ಹಳೆಯ ಜಾಗವೇ ಉಪಾಧಿ. ಹೊಸ ಜಾಗದಲ್ಲಿ ವೈರು ಬೇರೆ ಕಡೆ ಬಾಗುತ್ತದೆ, ಬೇರೆ ಅಂಚಿಗೆ ಉಜ್ಜುತ್ತದೆ, ಸೈಲೆನ್ಸರಿನ ಶಾಖಕ್ಕೆ ಹತ್ತಿರ ಬರಬಹುದು, ತೊಟ್ಟಿಯ ಸಾಮಾನು ಅದಕ್ಕೆ ಬಡಿಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಮೊದಲು ಇಲ್ಲದಿದ್ದ ಜಾಯಿಂಟುಗಳು ಈಗ ಹುಟ್ಟಿವೆ. ಉದ್ದ ಸಾಲದ ಏಳು ವೈರು ಕತ್ತರಿಸಿ ನಡುವೆ ತುಂಡು ಸೇರಿಸಿದರೆ ಹದಿನಾಲ್ಕು ಹೊಸ ಜೋಡಣೆ. ಒಂದೊಂದೂ ಒತ್ತಿ ಕೂರಿಸಿದ್ದೋ, ಬೆಸುಗೆ ಹಾಕಿದ್ದೋ, ಬಿಸಿಗೆ ಕುಗ್ಗುವ ಅಂಟುಕೊಳವೆಯೊಳಗೆ ಮುಚ್ಚಿಹೋದದ್ದು. ಹಳೆಯ ಸಾಕೆಟ್ಟಿನ ಕೇಡು ಕಣ್ಣಿಗೆ ಕಾಣುವಂತೆ ಹಸಿರಾಗಿ ಕೂತಿತ್ತು. ಹೊಸದರ ಕೇಡು, ಇದ್ದರೆ, ಕೊಳವೆಯೊಳಗಿದೆ. ಹೊಸತನದ ಹೊಳಪು ಅದರ ಮೇಲೆ ಕೂತಿರುವುದರಿಂದ ಅನುಮಾನವೂ ಹುಟ್ಟುವುದಿಲ್ಲ. ವಸ್ತುವನ್ನು ಸರಿಸಬಹುದು, ಅದರ ಪ್ರಮಾಣವನ್ನು ಸರಿಸಲಾಗದು. ಧಾರ್ಮಿಕ ಆಚರಣೆಗಳ ವಿಷಯಕ್ಕೂ ಈ ಮಾತು ಸಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ. ಒಂದು ಕಾಲದಲ್ಲಿ, ಒಂದು ಊರಿನಲ್ಲಿ ಜನರನ್ನು ಒಟ್ಟಿಗಿಟ್ಟ ಕಟ್ಟುಪಾಡು ಇನ್ನೊಂದು ಕಾಲಕ್ಕೆ ಬಂದಾಗ, ‘ಹಿಂದಿನಿಂದ ನಡೆದುಬಂದಿದೆ’ ಎಂಬುದು ಅದು ಈಗಲೂ ಬೆಳಕು ಕೊಡುತ್ತದೆ ಎನ್ನುವುದಕ್ಕೆ ಸಾಕ್ಷ್ಯವಾಗದು. ಹಾಗೆಂದು ಅದು ಕೆಟ್ಟಿದೆ ಎಂದೂ ಅಲ್ಲ. ಲೋಡ್ ಹಾಕಿ ನೋಡುವ ಕೆಲಸ ಮತ್ತೆ ಮೊದಲಿಂದ ಆಗಬೇಕು, ಅಷ್ಟೆ.

ಇಲ್ಲೊಂದು ತೊಡಕಿದೆ. ಪರೀಕ್ಷೆ ಮಾಡಬೇಕು ಎನ್ನುವುದು ಸುಲಭ. ಆದರೆ ಬ್ರೇಕ್ ಒತ್ತಿ ಕೂತವನಿಗೆ ಹಿಂದಿನ ದೀಪ ಕಾಣದು, ದೀಪ ನೋಡಲು ಇಳಿದು ಹೋದರೆ ಬ್ರೇಕ್ ಒತ್ತುವವರಿಲ್ಲ. ಒಂದೇ ದೇಹ ಎರಡೂ ಕಡೆ ಇರಲಾರದು. ಆದ್ದರಿಂದ ಇನ್ನೊಬ್ಬರು ಹಿಂದೆ ನಿಂತು ‘ಎಡ ಹತ್ತಿತು, ಬಲ ಹತ್ತಿತು, ಬ್ರೇಕ್ ಬಂತು’ ಎಂದು ಕೂಗಿ ಹೇಳಬೇಕು. ಗೋಡೆಯ ಮೇಲೆ ಬೀಳುವ ಕೆಂಪು ಬೆಳಕನ್ನು ಕನ್ನಡಿಯಲ್ಲಿ ನೋಡಿ ಊಹಿಸುವವರೂ ಇದ್ದಾರೆ, ಆದರೆ ಅದರಿಂದ ಎಡಬಲ, ಮಂಕು ಉಜ್ವಲ ಖಚಿತವಾಗದು. ಅಂದರೆ ಈ ವಿಷಯದಲ್ಲಿ ಚಾಲಕನಿಗೆ ಸಿಗುವ ಒಳ್ಳೆಯ ಜ್ಞಾನ ಪ್ರತ್ಯಕ್ಷದ್ದಲ್ಲ, ಅನುಮಾನದ್ದೂ, ಅಂದರೆ ಕಂಡದ್ದರಿಂದ ಊಹಿಸಿ ತಿಳಿದದ್ದೂ, ಅಲ್ಲ. ಶಬ್ದಪ್ರಮಾಣದ್ದು, ಆಪ್ತರ ಮಾತಿನದು. ವೈಶೇಷಿಕರೂ ಬೌದ್ಧರೂ ಶಬ್ದವನ್ನು ಅನುಮಾನದೊಳಗೆ ಸೇರಿಸಿಬಿಟ್ಟರು. ನೈಯಾಯಿಕರು ಅದನ್ನು ಸ್ವತಂತ್ರ ಪ್ರಮಾಣವೆಂದು ಉಳಿಸಿಕೊಂಡು, ಆಪ್ತ ಯಾರು ಎಂಬುದಕ್ಕೆ ಕಟ್ಟುನಿಟ್ಟು ಹಾಕಿದರು: ವಿಷಯವನ್ನು ತಾನೇ ಕಂಡಿರಬೇಕು, ಕಂಡದ್ದನ್ನು ಕಂಡಂತೆ ಹೇಳುವ ಮನಸ್ಸಿರಬೇಕು. ಕೆಲಸ ಮಾಡಿದ ಮೆಕ್ಯಾನಿಕ್ ‘ಎಲ್ಲ ಸರಿ ಇದೆ, ಹೋಗಿ’ ಎಂದರೆ ಅದು ಆಪ್ತವಾಕ್ಯವಾಗುವುದು ಅವನು ಹಿಂದೆ ನಿಂತು ನೋಡಿದ್ದಾಗ ಮಾತ್ರ. ಎಷ್ಟೇ ಕುಶಲನಾಗಿರಲಿ, ಎಷ್ಟೇ ಸಜ್ಜನನಾಗಿರಲಿ, ನೋಡದೆ ಹೇಳಿದರೆ ಅವನ ಮಾತು ಅವನ ಆಸೆಯನ್ನಷ್ಟೇ ತಿಳಿಸುತ್ತದೆ. ಅದೇ, ವೈರಿಂಗಿನ ಅಆಇಈ ಗೊತ್ತಿಲ್ಲದ ಮನೆಯ ಹುಡುಗಿ ಹಿಂದೆ ನಿಂತು ‘ಬಲದ್ದು ಹತ್ತಲಿಲ್ಲ ಅಪ್ಪಾ’ ಎಂದರೆ ಆ ಕ್ಷಣಕ್ಕೆ ಅವಳೇ ಆಪ್ತಳು. ತನ್ನ ನಡತೆಯ ಹಿಂಬದಿ ಯಾರಿಗೂ ತನ್ನ ಕಣ್ಣಿಂದ ಕಾಣದು ಎಂಬುದನ್ನು ಧರ್ಮಗಳೆಲ್ಲ ಬೇರೆ ಬೇರೆ ರೀತಿಯಲ್ಲಿ ಗುರುತಿಸಿವೆ. ಗುರು ಬೇಕು, ಸತ್ಸಂಗ ಬೇಕು ಎನ್ನುವುದಕ್ಕೆ ಇದೊಂದು ಗಟ್ಟಿ ಕಾರಣ. ಜ್ಞಾನ ಕೊಡುವುದಕ್ಕಿಂತ ಮೊದಲು ಅವರು ನಮ್ಮ ಹಿಂದೆ ನಿಂತು ನೋಡಿ ಹೇಳುತ್ತಾರೆ.

ಇಷ್ಟಕ್ಕೆ ಮೀಮಾಂಸಕರಿಂದ ಬಲವಾದ ಆಕ್ಷೇಪವೊಂದು ಬರುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಒಂದು ಜ್ಞಾನ ಸಾಚಾ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕಾದರೆ, ಆ ಪರೀಕ್ಷೆಯ ಜ್ಞಾನ ಸಾಚಾ ಎಂದು ಹೇಳುವವರು ಯಾರು? ಮೀಟರಿನ ಬ್ಯಾಟರಿ ಸರಿಯಿದೆಯೇ, ಟೆಸ್ಟ್ ಲ್ಯಾಂಪಿನ ಬಲ್ಬು ಸುಟ್ಟಿಲ್ಲವೇ, ಹಿಂದೆ ನಿಂತವಳ ಕಣ್ಣು ಸರಿಯಿದೆಯೇ, ಅವಳು ಹೇಳಿದ್ದು ನನ್ನ ಕಿವಿಗೆ ಸರಿಯಾಗಿ ಬಿತ್ತೇ? ಇದಕ್ಕೆ ಕೊನೆಯಿಲ್ಲ, ಅನವಸ್ಥೆ. ಆದ್ದರಿಂದಲೇ ಏಳನೆಯ ಶತಮಾನದ ಕುಮಾರಿಲ ಭಟ್ಟ ಸ್ವತಃಪ್ರಾಮಾಣ್ಯವನ್ನು ಸಾಧಿಸಿದ: ಜ್ಞಾನ ಹುಟ್ಟುವಾಗಲೇ ಸಾಚಾ ಆಗಿಯೇ ಹುಟ್ಟುತ್ತದೆ, ಸುಳ್ಳೆಂದು ತೋರಿಸುವ ಬಾಧಕ ಬಂದಾಗ ಮಾತ್ರ ಅದನ್ನು ಬಿಡಬೇಕು. ಮಾತು ಸುಂದರವಾಗಿದೆ, ದಿನನಿತ್ಯ ನಾವು ಬದುಕುವುದೂ ಹಾಗೆಯೇ. ಆದರೆ ಟ್ರೇಲರಿನ ದೀಪದ ಮಟ್ಟಿಗೆ ಬಾಧಕ ಹೇಗೆ ಬರುತ್ತದೆ ಎಂಬುದನ್ನು ಯೋಚಿಸಿ. ದೀಪ ಆರಿದ್ದು ಚಾಲಕನಿಗೆ ತಿಳಿಯುವುದು ಹಿಂದಿನಿಂದ ಇನ್ನೊಂದು ವಾಹನ ಬಂದು ಅಪ್ಪಳಿಸಿದಾಗ. ಬಾಧಕದ ಬೆಲೆಯನ್ನು ನಂಬಿದವನು ತೆರದೆ ಬೇರೊಬ್ಬ ತೆರುವಲ್ಲಿ, ಬಾಧಕ ಬರಲಿ ಎಂದು ಕಾಯುವ ಸ್ವಾತಂತ್ರ್ಯ ನಂಬಿದವನಿಗಿಲ್ಲ. ಅನವಸ್ಥೆಗೆ ನನಗೆ ಹೆಚ್ಚು ಒಪ್ಪುವ ಉತ್ತರ ಉಡುಪಿಯ ಮಧ್ವಾಚಾರ್ಯರದು. ಅವರ ಪರಂಪರೆಯಲ್ಲಿ ಜಯತೀರ್ಥರು ಪ್ರಮಾಣಪದ್ಧತಿಯಂಥ ಗ್ರಂಥಗಳಲ್ಲಿ ಪ್ರಮಾಣದ ವಿಚಾರವನ್ನು ಬೆಳೆಸಿದರು. ಆ ಉತ್ತರದ ಪ್ರಕಾರ ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವುದು ಆತ್ಮನ ಸ್ವರೂಪವೇ ಆದ ಸಾಕ್ಷಿ. ದೋಷದ ಶಂಕೆ ಎದ್ದಾಗ ಪರೀಕ್ಷೆ ಬೇಕು; ಪರೀಕ್ಷೆಯ ಕೆಲಸ ಆ ಶಂಕೆಯನ್ನು ಕಳೆಯುವುದು. ಶಂಕೆ ಕಳೆದ ಮೇಲೆ ಸಾಕ್ಷಿ ನಿಶ್ಚಯಿಸುತ್ತದೆ, ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಇದರಲ್ಲಿ ಪರೀಕ್ಷೆಗೂ ಜಾಗವಿದೆ, ನಿಲುಗಡೆಗೂ ಜಾಗವಿದೆ. ಟೆಸ್ಟ್ ಲ್ಯಾಂಪನ್ನು ಮೊದಲು ನೇರ ಬ್ಯಾಟರಿಗೆ ಹಿಡಿದು ನೋಡುವ ಎಲೆಕ್ಟ್ರಿಷಿಯನ್ ಮಾಡುವುದು ಇದನ್ನೇ: ಇದ್ದ ಒಂದು ಶಂಕೆ ಕಳೆದ, ಮುಂದಿನ ಕೆಲಸಕ್ಕೆ ಹೋದ. ಹತ್ತನೆಯ ಶತಮಾನದ ನೈಯಾಯಿಕ ಉದಯನನೂ ಇನ್ನೊಂದು ದಿಕ್ಕಿನಿಂದ ಇದೇ ಹದಕ್ಕೆ ಬಂದ. ಸಂಶಯಕ್ಕೆ ಎಲ್ಲೆ, ಅದು ಸಂಶಯಪಡುವವನ ಸ್ವಂತ ನಡೆಗೇ ವಿರುದ್ಧವಾಗುವ ಜಾಗ. ಹಸಿವಾದಾಗ ಅನ್ನಕ್ಕೆ ಕೈಹಾಕುವವನು ಅನ್ನದಿಂದ ಹಸಿವು ತೀರುತ್ತದೆಯೇ ಎಂದು ಸಂಶಯಪಡುವುದು ಬರಿಯ ಬಾಯಿಮಾತು. ಹೊಸ ಜಾಯಿಂಟಿನ ಮೇಲಿನ ಸಂಶಯ ಅಂಥದ್ದಲ್ಲ, ಅದಕ್ಕೆ ಕಿಲುಬು, ಕುಲುಕು, ಶಾಖ ಎಂಬ ಗೊತ್ತಿರುವ ಕಾರಣಗಳಿವೆ.

ಇನ್ನೊಂದು ಆಕ್ಷೇಪ ಶ್ರದ್ಧೆಯ ಕಡೆಯಿಂದ. ಕ್ಲಿಫರ್ಡನಿಗೆ ಉತ್ತರವಾಗಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ನಂಬುವ ಇಚ್ಛೆಯ ಬಗ್ಗೆ ಉಪನ್ಯಾಸ ಕೊಟ್ಟ. ಸಾಕ್ಷ್ಯ ಪೂರ್ತಿ ಸಿಗುವವರೆಗೆ ನಂಬುವುದೇ ಇಲ್ಲ ಎಂದು ಕೂತರೆ ಕೆಲವು ಸತ್ಯಗಳು ನಮಗೆಂದೂ ದಕ್ಕುವುದಿಲ್ಲ. ಸ್ನೇಹವನ್ನು ನಂಬಿಯೇ ಆರಂಭಿಸಬೇಕು, ಆಗಲೇ ಅದು ನಿಜವಾಗುತ್ತದೆ. ದೇವರ ವಿಷಯವೂ ಹಾಗಿರಬಹುದು. ಈ ವಾದವನ್ನು ನಾನು ಹಗುರಾಗಿ ನೋಡುವುದಿಲ್ಲ. ಜೇಮ್ಸ್ ಹೇಳಿದ್ದರಲ್ಲಿ ಬಾಳಿಗೆ ಬೇಕಾದ ಸತ್ಯವಿದೆ. ಆದರೆ ಅವನೇ ಹಾಕಿದ ಷರತ್ತುಗಳನ್ನು ಅವನ ಹೆಸರು ಹೇಳುವವರು ಮರೆಯುತ್ತಾರೆ. ಆಯ್ಕೆ ಜೀವಂತವಾಗಿರಬೇಕು, ತಪ್ಪಿಸಲಾಗದ್ದಾಗಿರಬೇಕು, ಗುರುತರವಾಗಿರಬೇಕು, ಜೊತೆಗೆ ಬುದ್ಧಿಯಿಂದ ತೀರ್ಮಾನಿಸಲು ಅದರ ಸ್ವಭಾವದಿಂದಲೇ ಆಗದ್ದಾಗಿರಬೇಕು. ಹಿಂದಿನ ದೀಪ ಹತ್ತುತ್ತದೆಯೇ ಎಂಬುದು ಹತ್ತು ನಿಮಿಷದಲ್ಲಿ ನೋಡಿ ತೀರ್ಮಾನಿಸಬಹುದಾದ ಸಂಗತಿ. ನೋಡಿದರೆ ತಿಳಿಯುವಲ್ಲಿ ‘ದೇವರಿದ್ದಾನೆ’ ಎಂದು ಹೊರಡುವವನು ದೇವರನ್ನು ತನ್ನ ಆಲಸ್ಯಕ್ಕೆ ಜಾಮೀನು ನಿಲ್ಲಿಸುತ್ತಿದ್ದಾನೆ. ಅದು ಭಕ್ತಿಯ ಮಾತಿನಲ್ಲಿ ಆಡಿದ ಅಪಚಾರ. ನಮ್ಮಲ್ಲಿ ಆಯುಧಪೂಜೆಯ ದಿನ ವಾಹನ ತೊಳೆದು, ಕುಂಕುಮ ಇಟ್ಟು, ಹೂ ಮುಡಿಸಿ, ಗಾಲಿಯಡಿ ನಿಂಬೆಹಣ್ಣಿಡುತ್ತೇವೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ವರ್ಷಕ್ಕೊಮ್ಮೆಯಾದರೂ ವಾಹನದ ಮೈಯನ್ನೆಲ್ಲ ಕೈಯಿಂದ ಮುಟ್ಟಿ ಒರೆಸುವ ಆಚರಣೆಯಲ್ಲಿ ಉಪಕರಣವನ್ನು ಗಮನವಿಟ್ಟು ನೋಡಬೇಕೆಂಬ ತಿಳಿವು ಅಡಗಿದೆ. ಹಿಂದಿನ ದೀಪದ ಗಾಜು ಒರೆಸಿದವರು ಅದೇ ಕೈಯಲ್ಲಿ ಸ್ವಿಚ್ಚು ಹಾಕಿ ನೋಡಿದರೆ ಪೂಜೆ ಪೂರ್ಣವಾಗುತ್ತದೆ. ನೋಡದೆ ಬಿಟ್ಟರೆ, ಮುಟ್ಟಿದ್ದೂ ದಂಡ.

ಕಾನೂನು ಇರುವಾಗ ಇಷ್ಟು ತತ್ವವೇಕೆ ಎಂದೂ ಕೇಳಬಹುದು. ಅಮೆರಿಕದ ಕೇಂದ್ರ ವಾಹನ ಸುರಕ್ಷತಾ ಮಾನದಂಡ 108 ಟ್ರೇಲರುಗಳಿಗೆ ಯಾವ ದೀಪಗಳಿರಬೇಕು ಎಂದು ವಿಧಿಸುತ್ತದೆ. ಟ್ರೇಲರಿನ ತೂಕ 3000 ಪೌಂಡ್ ಮೀರಿದರೆ ಅದಕ್ಕೆ ಸ್ವಂತ ಬ್ರೇಕ್ ಇರಬೇಕೆಂದು ಹಲವು ರಾಜ್ಯಗಳು ಹೇಳುತ್ತವೆ. ಆದರೆ ಕೊಳವೆಯೊಳಗೆ ಮುಚ್ಚಿಹೋದ ಜಾಯಿಂಟನ್ನು ಯಾವ ಪೊಲೀಸನೂ ಬಿಚ್ಚಿ ನೋಡುವುದಿಲ್ಲ. ಕಾನೂನಿಗೆ ದೀಪ ಗೊತ್ತು, ಬೆಸುಗೆ ಗೊತ್ತಿಲ್ಲ. ಆ ನಡುವಿನ ಜಾಗವನ್ನು ಕಾಯುವುದು ನಂಬುವವನ ನೀತಿಯೊಂದೇ. ಕ್ಲಿಫರ್ಡ್ ಈ ನೀತಿ ಎಲ್ಲರಿಗೂ, ಎಲ್ಲ ವಿಷಯಕ್ಕೂ, ಯಾವಾಗಲೂ ಅನ್ವಯಿಸುತ್ತದೆ ಎಂದ. ಅಷ್ಟು ದೂರ ನಾನು ಅವನ ಜೊತೆ ಹೋಗಲಾರೆ. ಪರೀಕ್ಷಿಸಲಾಗದ ಎಷ್ಟೋ ನಂಬಿಕೆಗಳ ಮೇಲೆ ಒಳ್ಳೆಯ ಜನ ಒಳ್ಳೆಯ ಬದುಕು ಕಟ್ಟಿದ್ದಾರೆ. ಆದರೆ ಒಂದು ಗೆರೆಯನ್ನು ನಿಸ್ಸಂಕೋಚವಾಗಿ ಎಳೆಯುತ್ತೇನೆ. ನಂಬಿಕೆ ಸುಳ್ಳಾದರೆ ನೋಯುವವನು ಇನ್ನೊಬ್ಬನಾಗಿರುವಲ್ಲಿ, ಮತ್ತು ಪರೀಕ್ಷೆ ಕೈಗೆಟಕುವಂತಿರುವಲ್ಲಿ, ಪರೀಕ್ಷಿಸದೆ ನಂಬುವುದು ತಪ್ಪು. ಅಪಘಾತವಾದರೂ ತಪ್ಪು, ಆಗದಿದ್ದರೂ ಅಷ್ಟೇ ತಪ್ಪು.

ಈ ಗೆರೆ ಮಿಷಿಗನ್ನಿನಲ್ಲೇ ನಿಲ್ಲುವುದಿಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರುಗಳು ಒಂದೊಂದು, ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಯ ಕಡೆ ಸಾಗುತ್ತವೆ. ಕಬ್ಬಿನ ತುದಿ ಹಿಂದಕ್ಕೆ ಚಾಚಿ ದೀಪವಿದ್ದರೂ ಮುಚ್ಚಿಹೋಗುತ್ತದೆ. ಅನೇಕ ಟ್ರೇಲರುಗಳಿಗೆ ದೀಪವೇ ಇಲ್ಲ, ಇದ್ದದ್ದರ ವೈರು ಸಾಕೆಟ್ಟಿನ ಹತ್ತಿರ ಕಡಿದು ನೇತಾಡುತ್ತಿರುತ್ತದೆ. ಓಡಿಸುವವರು ದುಷ್ಟರಲ್ಲ, ದಣಿದವರು. ನಿನ್ನೆ ಏನೂ ಆಗಲಿಲ್ಲ, ಇಂದೂ ಆಗದು ಎಂದು ನಂಬಿದವರು. ಹಿಂದಿನಿಂದ ಬೈಕಿನಲ್ಲಿ ಬರುವವನಿಗೆ ಅವರ ನಂಬಿಕೆಯಿಂದ ಬೆಳಕು ಸಿಗುವುದಿಲ್ಲ. ಟ್ರೇಲರಿನ ಮಾಲೀಕರಲ್ಲಿ, ಕಾರ್ಖಾನೆಯವರಲ್ಲಿ, ಗ್ಯಾರೇಜಿನವರಲ್ಲಿ ನನ್ನ ವಿನಂತಿ ಇಷ್ಟೆ: ಸಾಕೆಟ್ಟನ್ನು ಕಬ್ಬಿಗೂ ಕೆಸರಿಗೂ ಸಿಗದ ಜಾಗಕ್ಕೆ ಸರಿಸಿ, ದೀಪವನ್ನು ಕಬ್ಬು ಮುಚ್ಚದಂತೆ ಕೂರಿಸಿ, ಅರ್ಥ್ ವೈರನ್ನು ಬಣ್ಣ ಕೆರೆದ ಬರಿಯ ಕಬ್ಬಿಣಕ್ಕೆ ಬಿಗಿಯಿರಿ. ಗದ್ದೆಯಿಂದ ಹೊರಡುವ ಮೊದಲು ಒಬ್ಬರನ್ನು ಹಿಂದೆ ನಿಲ್ಲಿಸಿ, ಬ್ರೇಕ್ ಒತ್ತಿ, ಹತ್ತಿತೇ ಎಂದು ಕೇಳಿ. ಹತ್ತಿತು ಎಂದು ಅವರು ನೋಡಿ ಹೇಳಿದ ಮೇಲೆ ಹೊರಡಿ.